ಪೇಟಿ ಕಲಿತವರೇ, ರಾಕ್ ಬ್ಯಾಂಡಿಗೆ ನೀವು ಬೇಕು

ಅಂಬಿಕಾನಗರದ ಕೆಪಿಸಿ ಕಾಲೊನಿಯಲ್ಲಿದ್ದೀರೋ, ದಾಂಡೇಲಿಯ ಪೇಪರ್ ಮಿಲ್ ಕ್ವಾರ್ಟರ್ಸ್‌ನಲ್ಲೋ, ಹಳಿಯಾಳದ ಬಾಡಿಗೆ ರೂಮಿನಲ್ಲೋ, ಅದು ಮುಖ್ಯವಲ್ಲ. ಹಾರ್ಮೋನಿಯಂ ಕಲಿತಿದ್ದೀರಿ ಅಥವಾ ಪಿಯಾನೊ ಗ್ರೇಡ್ ಪರೀಕ್ಷೆ ಕಟ್ಟಿದ್ದೀರಿ. ಈಗ ರಾಕ್ ಬ್ಯಾಂಡ್ ಸೇರುವ ಆಸೆ ಹುಟ್ಟಿದೆ. "ಶಾಸ್ತ್ರೀಯ ಕಲಿತು ಇದೆಂಥ ಗದ್ದಲ?" ಅಂತ ಮನೆಯಲ್ಲಿ ಕೇಳುತ್ತಾರೆ. "ಈ ಕಾಡಿನೂರಿಂದ ಬ್ಯಾಂಡಾ?" ಅಂತ ಗೆಳೆಯರು ನಗುತ್ತಾರೆ. ಇಬ್ಬರಿಗೂ ಬಾಯಲ್ಲಿ ಉತ್ತರ ಕೊಡುತ್ತಾ ಕೂರಬೇಡಿ. ರಾಕ್ ಲೋಕದಲ್ಲಿ ದೀರ್ಘಕಾಲ ಉಳಿದ ಕೀಬೋರ್ಡ್ ವಾದಕರ ಪಟ್ಟಿ ತೆಗೆದು ನೋಡಿ. ಜಾನ್ ಲಾರ್ಡ್, ರಿಕ್ ವೇಕ್‌ಮನ್, ಡಾನ್ ಏರಿ, ಜೋರ್ಡನ್ ರುಡೆಸ್, ಇವರೆಲ್ಲ ಶಾಸ್ತ್ರೀಯ ಪಾಠದಿಂದಲೇ ಬಂದವರು. ಬೆರಳಿನ ವೇಗದಲ್ಲಿ ಇವರನ್ನು ಮೀರಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೂ ಇವರು ಉಳಿದದ್ದು ಬೇರೆಯವರ ಹಾಡಿಗೆ ಬೇಕಾದವರಾಗಿದ್ದರಿಂದ. ನಿಮ್ಮ ಗುರಿಯೂ ಅದೇ ಆಗಿರಲಿ. ಹೇಗೆ ಅಂತ ಕೆಳಗಿದೆ.

1. ಶುರು ಮಾಡಿದ ಪರೀಕ್ಷೆ ಮುಗಿಸಿ.

ವಿಶಾರದ ಅರ್ಧಕ್ಕೆ ನಿಂತಿದೆಯೇ? ಈ ವರ್ಷವೇ ಫಾರ್ಮ್ ತುಂಬಿ. ಗ್ರೇಡ್ 5ರಲ್ಲಿ ಬಿಟ್ಟಿದ್ದರೆ 8ರವರೆಗೆ ಹೋಗಿ. ಡಾನ್ ಏರಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಪಡೆದರು, ಆಮೇಲೆ ರಾಯಲ್ ನಾರ್ದರ್ನ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದರು. ಲಂಡನ್ನಿಗೆ ಹೋದದ್ದು ಅದಾದ ಮೇಲೆ, 1974ರಲ್ಲಿ. ರೇನ್‌ಬೋ, ಓಝಿ ಆಸ್ಬೋರ್ನ್, ಗ್ಯಾರಿ ಮೂರ್, ಜೂಡಸ್ ಪ್ರೀಸ್ಟ್, ಹೀಗೆ ಕರೆದವರಿಗೆಲ್ಲ ನುಡಿಸಿದರು. ಓಝಿಯ 'ಮಿಸ್ಟರ್ ಕ್ರೌಲಿ' ಹಾಡಿನ ಆರಂಭದಲ್ಲಿ ಚರ್ಚಿನ ಆರ್ಗನ್ನಿನಂತೆ ಕೇಳುವ ತುಣುಕು ಅವರದೇ. 2002ರಲ್ಲಿ ಡೀಪ್ ಪರ್ಪಲ್‌ನಿಂದ ಜಾನ್ ಲಾರ್ಡ್ ನಿವೃತ್ತರಾದಾಗ ಆ ಜಾಗಕ್ಕೆ ಬಂದವರೂ ಇವರೇ.

"ವೇಕ್‌ಮನ್ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಅರ್ಧಕ್ಕೇ ಬಿಟ್ಟರಲ್ಲ" ಅನ್ನಬೇಡಿ. 1969ರಲ್ಲಿ ಅವರು ಬಿಟ್ಟಾಗ ಕೈತುಂಬ ಸ್ಟುಡಿಯೊ ಕೆಲಸವಿತ್ತು. ನಿಮಗೂ ಅಷ್ಟು ಕೆಲಸ ಬಂದ ದಿನ ಬಿಡಿ, ಯಾರೂ ಬೇಡ ಅನ್ನುವುದಿಲ್ಲ.

2. ಮ್ಯಾಪ್ ತೆಗೆಯಿರಿ.

"ನಮ್ಮೂರಲ್ಲಿ ಏನೂ ಇಲ್ಲ" ಎನ್ನುವುದೊಂದು ಅಭ್ಯಾಸ. ಅದನ್ನು ಬಿಡಿ. ನಿಮ್ಮ ಪೂರ್ವಕ್ಕೆ ಧಾರವಾಡ, ಹುಬ್ಬಳ್ಳಿ, ಉತ್ತರಕ್ಕೆ ಬೆಳಗಾವಿ. ಹಿಂದೂಸ್ತಾನಿಯನ್ನು ಮನೆಮನೆಯಲ್ಲಿ ಬೆಳೆಸಿದ ಸೀಮೆ ಇದು. ಜೋಯಿಡಾ ದಾಟಿ ಪಶ್ಚಿಮಕ್ಕೆ ಘಟ್ಟ ಇಳಿದರೆ ಗೋವಾ. ಅಲ್ಲಿ ಚರ್ಚ್ ಸಂಗೀತದ ಪರಂಪರೆ ಇದೆ, ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತಕ್ಕೇ ಪ್ರತ್ಯೇಕ ವಿಭಾಗವಿದೆ. ಒಂದು ಕಡೆ ರಾಗ, ಇನ್ನೊಂದು ಕಡೆ ಹಾರ್ಮನಿ, ಎರಡೂ ಒಂದು ಹಗಲಿನ ಪ್ರಯಾಣದೊಳಗೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಂತಿರುವ ಹುಡುಗನಿಗೆ ಈ ಅನುಕೂಲವಿಲ್ಲ. ತಿಂಗಳಿಗೊಂದು ಕ್ಲಾಸನ್ನು ಗುರುಗಳ ಎದುರು ಕೂತು ಕಲಿಯಿರಿ, ಉಳಿದದ್ದು ಆನ್‌ಲೈನ್ ಇರಲಿ. ಬೆರಳು ಎಲ್ಲಿ ಬಿಗಿಯಾಗುತ್ತಿದೆ ಎಂಬುದು ವಿಡಿಯೊ ಕಾಲ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ.

3. ಮೊದಲು ಸಾಥ್ ಕೊಡಲು ಕಲಿಯಿರಿ. ಸೋಲೊ ಆಮೇಲೆ.

ಇಡೀ ಪಟ್ಟಿಯಲ್ಲಿ ಒಂದನ್ನೇ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ.

ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ (1917–2010) ಹಾರ್ಮೋನಿಯಂ ಸೋಲೊ ನುಡಿಸಬಲ್ಲವರು, ನುಡಿಸಿದವರು. ಆದರೆ ದೊಡ್ಡ ದೊಡ್ಡ ಗಾಯಕರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದು ಸಾಥ್‌ಗಾಗಿ. ಗಾಯಕ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸ್ವರ ಹಿಡಿದು, ಅವನು ಬಾಯಿ ತೆರೆದ ಕೂಡಲೇ ಹಿಂದೆ ಸರಿಯುವ ವಿದ್ಯೆ ಅದು. ನಮ್ಮ ಕಂಪನಿ ನಾಟಕದ ಪೇಟಿ ಮಾಸ್ತರರಿಗೂ ಇದೇ ವಿದ್ಯೆ ಅನ್ನ ಕೊಟ್ಟಿತು. ನಟನ ಶ್ರುತಿ ಮೇಲೆ ಕೆಳಗಾದರೂ ಪೇಟಿ ಅವನನ್ನು ಹಿಡಿದೆತ್ತುತ್ತಿತ್ತು. ರಾಕ್ ಬ್ಯಾಂಡಿಗೂ ಬೇಕಾದದ್ದು ಇಂಥ ಕೀಬೋರ್ಡೇ. ಗಿಟಾರಿಸ್ಟ್ ಸ್ಟ್ರಿಂಗ್ ಕಡಿದುಕೊಂಡಾಗ, ಹಾಡುವವನು ಸಾಲು ಮರೆತಾಗ ಶೋ ನಿಲ್ಲದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಎ.ಆರ್. ರೆಹಮಾನ್ ಅವರನ್ನು ನೋಡಿ. ಒಂಬತ್ತರ ವಯಸ್ಸಿಗೆ ತಂದೆ ತೀರಿಕೊಂಡರು. ತಂದೆಯ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಮನೆ ನಡೆಯಿತು. ಹುಡುಗ ವಾದ್ಯವೃಂದಗಳಲ್ಲಿ ಕೀಬೋರ್ಡ್ ನುಡಿಸತೊಡಗಿದ. ಎಂ.ಎಸ್. ವಿಶ್ವನಾಥನ್, ಇಳಯರಾಜ ಅವರಿಗೆ ನುಡಿಸಿದ. ನಮ್ಮ ವಿಜಯಭಾಸ್ಕರ್, ಹಂಸಲೇಖ ಅವರಿಗೂ ನುಡಿಸಿದ. ಜೊತೆಗೆ ಚೆನ್ನೈನಲ್ಲಿ 'ನೆಮೆಸಿಸ್ ಅವೆನ್ಯೂ' ಎಂಬ ರಾಕ್ ಬ್ಯಾಂಡ್ ಕಟ್ಟಿದ, ಟ್ರಿನಿಟಿ ಕಾಲೇಜಿನ ಮೂಲಕ ಪಾಶ್ಚಾತ್ಯ ಶಾಸ್ತ್ರೀಯವನ್ನೂ ಓದಿದ. 'ರೋಜಾ' ಬಂದದ್ದು 1992ರಲ್ಲಿ. ಅದಕ್ಕೆ ಮುಂಚೆ ವರ್ಷಗಟ್ಟಲೆ ಬೇರೆಯವರ ಹಾಡುಗಳಿಗೆ ನುಡಿಸಿದ್ದ. ಆ ವರ್ಷಗಳನ್ನು 'ವೇಸ್ಟ್' ಅನ್ನುವವರಿಗೆ ಸಂಗೀತದ ಲೆಕ್ಕ ಗೊತ್ತಿಲ್ಲ. ಹಾಡು ಕಟ್ಟುವುದು ಹೇಗೆಂದು ಹತ್ತಾರು ಸಂಗೀತ ನಿರ್ದೇಶಕರ ಹತ್ತಿರ, ಸಂಬಳ ಪಡೆದು ಕಲಿತ ಕಾಲ ಅದು.

ಈ ವಾರವೇ ಶುರು ಮಾಡಿ. ಭಜನಾ ಮಂಡಳಿ, ಶಾಲಾ ವಾರ್ಷಿಕೋತ್ಸವ, ಚರ್ಚ್ ಕಾಯರ್, ಮದುವೆ ಆರ್ಕೆಸ್ಟ್ರಾ, ಯಾರು ಕರೆದರೂ ಹೋಗಿ. ಬೇರೆಯವರು ಹಾಡುವಾಗ ಕೈ ಹಿಂದೆ ತೆಗೆಯುವುದನ್ನು ಕಲಿಯಿರಿ.

4. ಎಡಗೈಗೆ ಬೇರೆ ಕೆಲಸ ಕೊಡಿ.

ಪಿಯಾನೊ ಕಲಿತವರ ಮೊದಲ ತಪ್ಪು ಎಡಗೈಯಲ್ಲಿ ದಪ್ಪ ಸ್ವರ ಹೊಡೆಯುವುದು. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ನಿಮ್ಮ ಎಡಗೈ ಅದೇ ಜಾಗಕ್ಕೆ ಇಳಿದರೆ ಇಬ್ಬರದೂ ಸೇರಿ ಗುಂಯ್ ಅನ್ನುವ ಕೆಸರಾಗುತ್ತದೆ. ಸೌಂಡ್ ಇಂಜಿನಿಯರ್ ಮೊದಲು ಇಳಿಸುವುದು ನಿಮ್ಮ ಫೇಡರನ್ನೇ. ಕಾರ್ಡನ್ನು ಮಧ್ಯ ಸಪ್ತಕಕ್ಕೆ ತನ್ನಿ. ಮೂರು ಸ್ವರ ಸಾಕು, ಎಷ್ಟೋ ಸಲ ಎರಡೇ ಸಾಕು.

ಹಾರ್ಮೋನಿಯಂನವರಿಗೆ ಇಲ್ಲಿ ಲಾಭವಿದೆ. ನಿಮ್ಮ ಎಡಗೈ ವರ್ಷಗಟ್ಟಲೆ ತಿದಿ ಒತ್ತಿದೆ, ಬಾಸ್ ಹೊಡೆಯುವ ಚಟ ಅದಕ್ಕಿಲ್ಲ. ಇನ್ನೊಂದು ಲಾಭ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಹಾರ್ಮೋನಿಯಂನಲ್ಲಿ ಕೀ ಜೋರಾಗಿ ಒತ್ತಿದರೆ ಸದ್ದು ಜೋರಾಗುವುದಿಲ್ಲ, ಗಾಳಿಯಿಂದ ಆಗುತ್ತದೆ. ರಾಕ್‌ನ ಹ್ಯಾಮಂಡ್ ಆರ್ಗನ್ನಿಗೂ ಬೆರಳಿನ ಒತ್ತಡ ಲೆಕ್ಕಕ್ಕಿಲ್ಲ, ಕಾಲಡಿಯ ಎಕ್ಸ್‌ಪ್ರೆಶನ್ ಪೆಡಲ್‌ನಿಂದ ಸದ್ದು ಏರಿಳಿಯುತ್ತದೆ. ತಿದಿಯ ಹದ ಬಲ್ಲವರಿಗೆ ಆ ಪೆಡಲ್ ಬೇಗ ಒಲಿಯುತ್ತದೆ. ಕಾಲುಪೇಟಿ ನುಡಿಸಿದವರಂತೂ ಅರ್ಧ ದಾರಿ ಆಗಲೇ ಬಂದಿದ್ದಾರೆ. ಪೆಡಲ್ ಕೊಳ್ಳಿ. ಮೊದಲ ಸಂಪಾದನೆಯಲ್ಲಿ ಹೊಸ ಕೀಬೋರ್ಡಿಗಿಂತ ಮುಂಚೆ ಅದನ್ನು ಕೊಳ್ಳಿ.

5. ಕ್ಲಿಕ್ ಜೊತೆ ಬದುಕಿ.

ಮೆಟ್ರೊನೋಮ್ ಹಾಕದೆ ಒಂದು ದಿನವೂ ಅಭ್ಯಾಸ ಬೇಡ. ಶಾಸ್ತ್ರೀಯದಲ್ಲಿ ಭಾವಕ್ಕೆ ತಕ್ಕಂತೆ ಕಾಲ ಎಳೆಯಬಹುದು. ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್ ಓಡುತ್ತಿರುವಾಗ ನೀವು ಎಳೆದರೆ ಭಾವವೆಂದು ಯಾರೂ ಅನ್ನುವುದಿಲ್ಲ, ತಪ್ಪು ಅನ್ನುತ್ತಾರೆ. ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಚಪ್ಪಾಳೆ ತಟ್ಟುವುದನ್ನು ರೂಢಿಸಿಕೊಳ್ಳಿ. ಸಮ್‌ಗೆ ಕಾಯುವ ಕೈಗೆ ಇದು ಮೊದಮೊದಲು ಒಗ್ಗುವುದಿಲ್ಲ. ಒಗ್ಗಿಸಿ.

6. ಹಾಳೆ ಮುಚ್ಚಿ, ಕಿವಿ ತೆರೆಯಿರಿ.

ರಿಹರ್ಸಲ್ ರೂಮಿನಲ್ಲಿ ನೊಟೇಶನ್ ಸಿಗುವುದಿಲ್ಲ. "ಆ ಹಾಡು, ಇ ಮೈನರ್, ನಡಿ" ಅನ್ನುತ್ತಾರೆ, ಅಷ್ಟೇ. ವಾರಕ್ಕೆ ಎರಡು ಹಾಡು ಕಿವಿಯಿಂದಲೇ ಇಳಿಸಿ. ಮೊದಲು ಬಾಸ್ ಹಿಡಿಯಿರಿ, ಆಮೇಲೆ ಕಾರ್ಡ್, ಕೊನೆಗೆ ಮೇಲಿನ ಎಳೆ. ಟ್ರಾನ್ಸ್‌ಪೋಸ್ ಬಟನ್ ಮುಟ್ಟಬೇಡಿ. ಗಿಟಾರಿನ ಖಾಲಿ ತಂತಿಗಳಿಂದಾಗಿ ರಾಕ್ ಹಾಡುಗಳು ಹೆಚ್ಚಾಗಿ ಇ, ಎ, ಡಿ, ಜಿ ಶ್ರುತಿಗಳಲ್ಲೇ ಇರುತ್ತವೆ. ನಾಲ್ಕನ್ನೂ ಕಣ್ಣುಮುಚ್ಚಿ ನುಡಿಸುವಷ್ಟು ಪಳಗಿಸಿ. ಬಟನ್ ನಂಬಿದವರು ಸ್ಟೇಜ್ ಮೇಲೆ ಅದನ್ನು ವಾಪಸ್ ಒತ್ತಲು ಮರೆತು ಇಡೀ ಹಾಡು ಅರ್ಧ ಸ್ವರ ತಪ್ಪಿಸಿದ್ದನ್ನು ಯಾವ ಆರ್ಕೆಸ್ಟ್ರಾದವರನ್ನು ಕೇಳಿದರೂ ನಗುತ್ತ ಹೇಳುತ್ತಾರೆ.

7. ಬಗ್ಗದ ಸ್ವರವನ್ನು ಬಗ್ಗಿಸಿ.

ಕೀಬೋರ್ಡಿನಲ್ಲಿ ಹನ್ನೆರಡು ಸ್ವರ, ನಡುವೆ ಏನೂ ಇಲ್ಲ. ಇದೇ ಕಾರಣ ಕೊಟ್ಟು 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಮತ್ತೆ ಬಾಗಿಲು ತೆರೆದದ್ದು 1971ರಲ್ಲಿ. ನಿಮಗೆ ಅಷ್ಟು ಕಾಯುವ ಅಗತ್ಯವಿಲ್ಲ, ಎಡಗೈ ಪಕ್ಕದಲ್ಲೇ ಪಿಚ್ ವೀಲ್ ಇದೆ. ಅದನ್ನು ಎರಡು ಅರ್ಧಸ್ವರಕ್ಕೆ ಸೆಟ್ ಮಾಡಿ, ದಿನವೂ ಮೀಂಡ್ ಅಭ್ಯಾಸ ಮಾಡಿ. ಡ್ರೀಮ್ ಥಿಯೇಟರ್‌ನ ಜೋರ್ಡನ್ ರುಡೆಸ್ ಒಂಬತ್ತನೇ ವಯಸ್ಸಿಗೇ ಜೂಲಿಯಾರ್ಡ್ ಸೇರಿದ ಪಿಯಾನೊ ವಿದ್ಯಾರ್ಥಿ. ಜಾರುವ ಸ್ವರಕ್ಕಾಗಿ ಆ್ಯಪ್‌ಗಳನ್ನೇ ಮಾಡಿಸಿದರು. ಅವರ ಸಂಸ್ಥೆಯ ಕೈಯಿರುವ ಜಿಯೊಶ್ರೆಡ್ ಎಂಬ ಆ್ಯಪ್‌ನಲ್ಲಿ ಇವತ್ತು ನಮ್ಮವರು ಐಪ್ಯಾಡ್ ಮೇಲೆ ಗಮಕ ನುಡಿಸುತ್ತಿದ್ದಾರೆ.

ರಾಗವನ್ನು ಬ್ಯಾಂಡಿಗೆ ತರುವಾಗ ಗಿಟಾರಿಸ್ಟ್ ಜೊತೆ ಮೊದಲೇ ಕೂತು ಮಾತಾಡಿ. ಪವರ್ ಕಾರ್ಡ್ ಅಂದರೆ ಸಾ ಮತ್ತು ಪಾ, ನಮ್ಮ ತಂಬೂರಿಯ ಜೋಡಿಯೇ. ಯಮನ್, ಭೂಪ, ಹಂಸಧ್ವನಿ ಅದರ ಮೇಲೆ ಆರಾಮಾಗಿ ಕೂರುತ್ತವೆ. ಆದರೆ ಮಾಲಕಂಸದಲ್ಲಿ ಪಂಚಮವೇ ಇಲ್ಲ. ಗಿಟಾರಿಸ್ಟ್ ರೂಢಿಯಂತೆ ಪವರ್ ಕಾರ್ಡ್ ಹೊಡೆದ ಕ್ಷಣ ರಾಗ ಸತ್ತಿತು. ಸಾ–ಮಾ ಹಿಡಿಯಲು ಹೇಳಿ. ಇಷ್ಟು ಸಣ್ಣ ಮಾತನ್ನು ಬ್ಯಾಂಡಿನಲ್ಲಿ ನೀವೊಬ್ಬರೇ ಹೇಳಬಲ್ಲಿರಿ, ಮತ್ತು ಇದಕ್ಕಾಗಿಯೇ ನಿಮ್ಮನ್ನು ಮುಂದಿನ ಸಲವೂ ಕರೆಯುತ್ತಾರೆ. ದರ್ಬಾರಿಯ ಗಾಂಧಾರವನ್ನು ಸದ್ಯಕ್ಕೆ ಮುಟ್ಟಬೇಡಿ. ಅದು ಪಿಚ್ ವೀಲ್‌ಗೂ ಸುಲಭಕ್ಕೆ ಸಿಗದು.

ಕೇಳಲೇಬೇಕಾದ ಬ್ಯಾಂಡ್ ಬೆಂಗಳೂರಿನ 'ಅಗಂ'. 2003ರಲ್ಲಿ ಹುಟ್ಟಿತು. ಕರ್ನಾಟಕ ಶಾಸ್ತ್ರೀಯ ಕೃತಿಗಳನ್ನು ಪ್ರೋಗ್ರೆಸಿವ್ ರಾಕ್ ಜೊತೆ ಹೆಣೆಯುತ್ತದೆ. ಕೀಬೋರ್ಡ್ ಸ್ವಾಮಿ ಸೀತಾರಾಮನ್ ಅವರದು, ಬ್ಯಾಂಡಿಗೆ ಸಾಹಿತ್ಯ ಬರೆಯುವವರೂ ಅವರೇ. ಹಾಡುವವರ ಅಲಂಕಾರ ಏರುತ್ತಿರುವಾಗ ಕೀಬೋರ್ಡ್ ಎಲ್ಲಿ ಸುಮ್ಮನಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಎಲ್ಲಿ ನುಡಿಯುತ್ತದೆ ಎನ್ನುವುದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.

ಸುಮ್ಮನಿರುವುದಕ್ಕೂ ಮಿತಿ ಇದೆ ಅನ್ನಿ. 1973ರಲ್ಲಿ ಯೆಸ್ ಬ್ಯಾಂಡಿನ ಒಂದು ಶೋನಲ್ಲಿ ನುಡಿಸಲು ಹೆಚ್ಚೇನೂ ಇಲ್ಲವೆಂದು ಬೇಸತ್ತ ವೇಕ್‌ಮನ್ ಸ್ಟೇಜ್ ಮೇಲೆಯೇ ಇಂಡಿಯನ್ ಕರಿ ತರಿಸಿಕೊಂಡು ತಿಂದರು. ಮರುವರ್ಷ ಬ್ಯಾಂಡ್ ಬಿಟ್ಟರು.

8. ನಿಮ್ಮದೇ ಸೌಂಡ್ ಮಾಡಿಕೊಳ್ಳಿ.

ಫ್ಯಾಕ್ಟರಿ ಪ್ರಿಸೆಟ್ ಎಲ್ಲರ ಹತ್ತಿರವೂ ಇದೆ. ಜಾನ್ ಲಾರ್ಡ್ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನ ಮಾರ್ಷಲ್ ಆಂಪ್‌ಗೆ ಜೋಡಿಸಿದರು. ಆರ್ಗನ್ ಗುರ್ ಎಂದಿತು, ಡೀಪ್ ಪರ್ಪಲ್‌ಗೆ ತನ್ನದೇ ದನಿ ಬಂತು. ನಿಮ್ಮ ಸುತ್ತ ಇರುವುದನ್ನು ಕೇಳಿ. ಹಳಿಯಾಳದ ಸಿದ್ದಿಗಳ ದಮಾಮಿಯ ಹೊಡೆತವಿದೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಡ್ರೆಪುಂಗ್ ಲೋಸೆಲಿಂಗ್ ಭಿಕ್ಷುಗಳ ಪಠಣವಿದೆ. ಒಂದೇ ಕಂಠದಿಂದ ಏಕಕಾಲಕ್ಕೆ ಹಲವು ಸ್ವರ ಹೊರಡಿಸುವ ಪಠಣ ಅದು. ಪ್ಯಾಡ್ ಸೌಂಡ್ ಹುಡುಕಿ ಇಂಟರ್‌ನೆಟ್ ಜಾಲಾಡುವವರು ಮೊದಲು ಮುಂಡಗೋಡದ ಬಸ್ ಹತ್ತಲಿ. ಅಲ್ಲಿ ಸುಮ್ಮನೆ ಕೂತು ಕೇಳಿ, ಆ ಗುಂಗನ್ನು ನಿಮ್ಮ ಸಿಂಥ್‌ನಲ್ಲಿ ಕಟ್ಟಲು ಪ್ರಯತ್ನಿಸಿ. ರೆಕಾರ್ಡ್ ಮಾಡುವುದಾದರೆ ಕೇಳಿ, ಒಪ್ಪಿಗೆ ಪಡೆದು ಮಾಡಿ. ಬಳಸಿದರೆ ಹೆಸರು ಹಾಕಿ, ಹಣ ಬಂದರೆ ಪಾಲು ಕೊಡಿ. ಯಾಕೆ ಅನ್ನುವುದಕ್ಕೆ ಮುಂದಿನ ಸೂತ್ರ ಓದಿ.

9. ಹೆಸರು ಮತ್ತು ಪಾಲು ಮೊದಲೇ ಬರೆಸಿಕೊಳ್ಳಿ.

1967ರಲ್ಲಿ ಪ್ರೊಕೊಲ್ ಹಾರಮ್ ಬ್ಯಾಂಡಿನ 'ಎ ವೈಟರ್ ಶೇಡ್ ಆಫ್ ಪೇಲ್' ಲೋಕವನ್ನೇ ಸುತ್ತಿತು. ಆ ಹಾಡನ್ನು ಎಲ್ಲಿ ಕೇಳಿದರೂ ಜನ ಮೊದಲು ಗುರುತಿಸುವುದು ಅದರ ಆರ್ಗನ್ ಎಳೆಯನ್ನು. ಬಾಖ್‌ನ ನೆರಳಿರುವ ಆ ಎಳೆ ಕಟ್ಟಿದವರು ಮ್ಯಾಥ್ಯೂ ಫಿಶರ್, ಸಂಗೀತ ಕಾಲೇಜಿನಲ್ಲಿ ಓದಿ ಬಂದವರು. ಆದರೆ ಹಾಡಿನ ಕರ್ತೃಗಳೆಂದು ದಾಖಲಾದದ್ದು ಇನ್ನಿಬ್ಬರ ಹೆಸರು. ಫಿಶರ್ ಕೋರ್ಟಿಗೆ ಹೋದದ್ದು 2005ರಲ್ಲಿ. 2006ರಲ್ಲಿ ಹೈಕೋರ್ಟ್ ಸಂಗೀತದಲ್ಲಿ ಶೇ. 40 ಪಾಲು ಕೊಟ್ಟಿತು. 2008ರಲ್ಲಿ ಮೇಲ್ಮನವಿ ಕೋರ್ಟ್ ಹಣದ ಪಾಲನ್ನು ಕಿತ್ತುಕೊಂಡಿತು. 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಮರಳಿಸಿತು. ಆದರೂ ದಾವೆ ಹೂಡಿದ ಮೇಲಿನ ಹಣ ಮಾತ್ರ. ಹಿಂದಿನ 38 ವರ್ಷಗಳ ಹಣ ಹೋದದ್ದು ಹೋಯಿತು.

ಕೀಬೋರ್ಡ್ ವಾದಕರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಹಾಡಿನ ರಿಫ್, ಇಂಟ್ರೊ, ಬಿಜಿಎಂ ಕಟ್ಟುವುದು ಹೆಚ್ಚಾಗಿ ನೀವೇ. "ಅರೇಂಜ್‌ಮೆಂಟ್ ಅಷ್ಟೇ ತಾನೇ" ಎಂದು ತೇಲಿಸಿಬಿಡುತ್ತಾರೆ. ತೇಲಿಸಲು ಬಿಡಬೇಡಿ. ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಯಾರು ಏನು ಮಾಡಿದರು, ಯಾರಿಗೆ ಎಷ್ಟು ಶೇಕಡ ಎಂದು ಬರೆದು ಎಲ್ಲರೂ ಸಹಿ ಹಾಕಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಫೋಟೊ ಹಾಕಿ. ಸಂಯೋಜಕರಾಗಿದ್ದರೆ ರಾಯಲ್ಟಿ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಪಡೆಯಿರಿ. 2012ರ ಕಾಪಿರೈಟ್ ತಿದ್ದುಪಡಿ ಸಂಗೀತ ಸಂಯೋಜಕರ ಮತ್ತು ಸಾಹಿತಿಗಳ ರಾಯಲ್ಟಿ ಹಕ್ಕನ್ನು ಗಟ್ಟಿ ಮಾಡಿದೆ. ಆದರೆ ಹೆಸರೇ ದಾಖಲಾಗದವರ ಪರವಾಗಿ ಕಾನೂನು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಗೆಳೆಯರ ಮಧ್ಯೆ ದುಡ್ಡಿನ ಮಾತು ಮುಜುಗರ ಅನ್ನಿಸಿದರೆ ನೆನಪಿಡಿ: ಸಂಕೋಚ ಹತ್ತು ನಿಮಿಷದ್ದು, ಕೋರ್ಟ್ ವರ್ಷಗಳದ್ದು.

10. ಬ್ಯಾಕಪ್ ಇಡಿ.

1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಡೀಪ್ ಪರ್ಪಲ್ ಮತ್ತು ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಸೇರಿ ಜಾನ್ ಲಾರ್ಡ್ ಬರೆದ ಕನ್ಸರ್ಟೊ ನುಡಿಸಿದವು. ಮರುವರ್ಷ ಅದರ ಸ್ಕೋರ್ ಕಳೆದೇಹೋಯಿತು. ಮಾರ್ಕೊ ದ ಖೂಯ್ ಎಂಬ ಡಚ್ ಸಂಗೀತಗಾರ ರೆಕಾರ್ಡಿಂಗ್ ಕೇಳಿ ಕೇಳಿ ಸ್ವರ ಸ್ವರವಾಗಿ ಮತ್ತೆ ಬರೆದ ಮೇಲೆ 1999ರಲ್ಲಿ ಅದೇ ಹಾಲ್‌ನಲ್ಲಿ ಕೃತಿ ಮತ್ತೆ ನುಡಿಯಿತು. ನಿಮಗೆ ಅಂಥ ಡಚ್ಚಿನವ ಸಿಗುತ್ತಾನೆಂದು ನಂಬಿ ಕೂರಬೇಡಿ. ಪ್ಯಾಚ್‌ಗಳು, ಬ್ಯಾಕಿಂಗ್ ಟ್ರ್ಯಾಕ್, ಸೆಟ್‌ಲಿಸ್ಟ್ ಮೂರೂ ಪೆನ್‌ಡ್ರೈವ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು.

ನಮ್ಮ ಕಡೆಯ ಮಳೆಗಾಲಕ್ಕೆ ಬೇರೆಯೇ ಶಿಸ್ತು ಬೇಕು. ಕಾಳಿ ಕಣಿವೆಯ ತೇವಕ್ಕೆ ಕೀ ಕೆಳಗಿನ ಕಾಂಟ್ಯಾಕ್ಟ್‌ಗಳು ಹಾಳಾಗುತ್ತವೆ, ಒಂದೊಂದೇ ಸ್ವರ ಮೂಕವಾಗುತ್ತದೆ. ಜೂನ್‌ನಿಂದ ಕೀಬೋರ್ಡನ್ನು ಗೋಡೆಗೆ ತಾಗಿಸಿ ಇಡಬೇಡಿ. ಕವರ್‌ನೊಳಗೆ ಸಿಲಿಕಾ ಜೆಲ್ ಹಾಕಿ. ದಿನಾ ನುಡಿಸಿ, ಅದಕ್ಕಿಂತ ಒಳ್ಳೆಯ ಔಷಧ ಇಲ್ಲ. ನಾಗಝರಿ ಪವರ್‌ಹೌಸ್ ಪಕ್ಕದಲ್ಲಿದೆ ಅಂತ ಯುಪಿಎಸ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಪೆಂಡಾಲಿನ ವೈರಿಂಗ್‌ಗೂ ಪವರ್‌ಹೌಸಿಗೂ ಸಂಬಂಧವಿಲ್ಲ.

11. ಡಿಗ್ರಿ, ನೌಕರಿ ಎರಡನ್ನೂ ಬ್ಯಾಂಡಿನ ಬಂಡವಾಳ ಮಾಡಿಕೊಳ್ಳಿ.

ರಿಕಿ ಕೇಜ್ ಬೆಂಗಳೂರಿನ 'ಏಂಜೆಲ್ ಡಸ್ಟ್' ಎಂಬ ಪ್ರೋಗ್ರೆಸಿವ್ ರಾಕ್ ಬ್ಯಾಂಡಿನ ಕೀಬೋರ್ಡ್ ವಾದಕರಾಗಿ ಶುರು ಮಾಡಿದವರು. ಹಲ್ಲಿನ ಡಾಕ್ಟರ್ ಡಿಗ್ರಿಯನ್ನೂ ಮುಗಿಸಿದರು. ಆಮೇಲೆ ಜಿಂಗಲ್, ಸ್ವಂತ ಸ್ಟುಡಿಯೊ, 2015ರಲ್ಲಿ ಮೊದಲ ಗ್ರ್ಯಾಮಿ. 2022ರ ಗ್ರ್ಯಾಮಿ ತಂದ ಆಲ್ಬಂನಲ್ಲಿ ಜೊತೆಯಾದವರು ದ ಪೊಲೀಸ್ ಬ್ಯಾಂಡಿನ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್. 'ಅಗಂ'ನವರೂ ಕಾರ್ಪೊರೇಟ್ ಕೆಲಸ ಮಾಡುತ್ತಲೇ ಬ್ಯಾಂಡ್ ಬೆಳೆಸಿದರು. ಸಂಬಳ ಬರುತ್ತಿದ್ದರೆ ಕೆಟ್ಟ ಹಾಡಿಗೆ "ಬೇಡ" ಅನ್ನುವ ತಾಕತ್ತು ಇರುತ್ತದೆ. ಶಿಫ್ಟ್ ಡ್ಯೂಟಿಯೇ? ಒಳ್ಳೆಯದು, ಹೆಡ್‌ಫೋನ್ ಹಾಕಿಕೊಂಡರೆ ಯಾವ ಹೊತ್ತಿಗಾದರೂ ಅಭ್ಯಾಸವಾಗುತ್ತದೆ.

12. "ನನ್ನಿಂದ ಆಗುತ್ತಾ?" ಅನ್ನುವುದನ್ನು ನಿಲ್ಲಿಸಿ, ರೆಕಾರ್ಡ್ ಬಟನ್ ಒತ್ತಿ.

ಪ್ರತಿ ಭಾನುವಾರ ಒಂದೇ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಸೋಮವಾರ ಕೇಳಿ, ಒಂದೇ ಒಂದು ದೋಷ ಬರೆದಿಟ್ಟುಕೊಂಡು ಅದನ್ನಷ್ಟೇ ತಿದ್ದಿ. ತಾಳ ತಪ್ಪಿದ್ದನ್ನು ತಿದ್ದಬಹುದು. "ಆಗುತ್ತಾ" ಎಂಬ ಪ್ರಶ್ನೆಯನ್ನು ಏನೂ ಮಾಡಲಾಗದು.

ಚೆನ್ನಾಗಿ ಬಂದ ರೆಕಾರ್ಡಿಂಗ್ ಒಂದನ್ನು ಎರಡು ನಿಮಿಷಕ್ಕೆ ಕತ್ತರಿಸಿ. ಯಾರೋ ಹಾಡುತ್ತಿರಬೇಕು, ನೀವು ಸಾಥ್ ಕೊಡುತ್ತಿರಬೇಕು. ಬೆರಳಿನ ಸರ್ಕಸ್ ಇರುವ ವಿಡಿಯೊ ಲೈಕ್ ತರುತ್ತದೆ, ಸಾಥ್ ಇರುವ ವಿಡಿಯೊ ಕೆಲಸ ತರುತ್ತದೆ. ಹುಬ್ಬಳ್ಳಿ, ಬೆಳಗಾವಿ, ಗೋವಾದ ಬ್ಯಾಂಡ್‌ಗಳಿಗೆ ಕಳಿಸಿ, ದಾಂಡೇಲಿಯ ರೆಸಾರ್ಟ್ ಮ್ಯಾನೇಜರ್‌ಗಳಿಗೂ ಕಳಿಸಿ. ವೀಕೆಂಡ್ ಕ್ಯಾಂಪ್‌ಫೈರ್ ಪಕ್ಕ ನುಡಿಸಿದರೆ ಬೆಂಗಳೂರಿನ ಕೇಳುಗರು ಇದ್ದಲ್ಲಿಗೇ ಬಂದು ಸಿಗುತ್ತಾರೆ. ಸಂಭಾವನೆ ಎಷ್ಟೆಂದು ಮೊದಲೇ ಹೇಳಿ, ಬಸ್ ಚಾರ್ಜ್ ಬೇರೆ ಕೇಳಿ. ಗಣೇಶ ಹಬ್ಬದ ಕಮಿಟಿಯವರಿಗೆ ಮಾತ್ರ ಮಳೆಗಾಲದ ಶುರುವಿನಲ್ಲೇ ಫೋನ್ ಮಾಡಿ. ಅಲ್ಲಿ ಆರ್ಕೆಸ್ಟ್ರಾ ಬುಕಿಂಗ್ ಬೇಗ ಮುಗಿದುಹೋಗುತ್ತದೆ.